ಕಾಳಗದ ಕಾಠಿನ್ಯ: ಒಂದು ವಿವೇಚನೆ

ಕಾಗದ, ಸೀಸದಕಡ್ಡಿ, ಹಲವು ಮುಖಗಳ ದಾಳಗಳು, ಮೇಜಿನ ಸುತ್ತ ಕುಳಿತ ನಾಲ್ಕಾರು ಜನ, ಇಷ್ಟೇ ಸಾಮಗ್ರಿಯಿಂದ ನಡೆಯುವ ಕಥನಕ್ರೀಡೆಯೊಂದು ೧೯೭೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಇದರಲ್ಲಿ ಒಬ್ಬೊಬ್ಬ ಆಟಗಾರನೂ ಒಬ್ಬ ಯೋಧನನ್ನೋ ಮಾಂತ್ರಿಕನನ್ನೋ ಕಳ್ಳನನ್ನೋ ಕಲ್ಪಿಸಿಕೊಂಡು ಅವನ ಪರವಾಗಿ ಮಾತನಾಡುತ್ತಾನೆ, ಅವನ ಪರವಾಗಿ ನಿರ್ಧಾರಗಳನ್ನು ಕೈಗೊಳ್ಳುತ್ತಾನೆ. ಉಳಿದ ಲೋಕವೆಲ್ಲ, ಎಂದರೆ ಕಾಡು, ಕೋಟೆ, ನೆಲಮಾಳಿಗೆ, ಅಲ್ಲಿ ಹೊಂಚುಹಾಕಿರುವ ವೈರಿಗಳು, ಇನ್ನೊಬ್ಬನ ಅಧೀನದಲ್ಲಿರುತ್ತದೆ. ಅವನನ್ನು ಡಂಜನ್ ಮಾಸ್ಟರ್ ಎಂದು ಕರೆಯುವುದು ರೂಢಿ; ಪ್ರಕೃತ ಲೇಖನದಲ್ಲಿ ನಾವು ಅವನನ್ನು ಸೂತ್ರಧಾರನೆಂದು ಕರೆಯುತ್ತೇವೆ.

ಇಂತಹ ಆಟವೊಂದು ವಿಮರ್ಶೆಗೆ ವಸ್ತುವಾದೀತೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆಗುತ್ತದೆ ಎಂಬುದೇ ನಮ್ಮ ಎಣಿಕೆ. ಈ ಆಟಕ್ಕೆ ಮುದ್ರಿತ ಗ್ರಂಥಗಳಿವೆ. ಆ ಗ್ರಂಥಗಳಲ್ಲಿ ಲಕ್ಷಣಗಳಿವೆ. ಲಕ್ಷಣಕ್ಕೂ ಲಕ್ಷ್ಯಕ್ಕೂ ನಡುವೆ ಇರುವ ಅಂತರ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಆ ಲಕ್ಷಣಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಪರೀಕ್ಷಿಸುತ್ತೇವೆ. ನಡೆಯಲಿರುವ ಕಾಳಗವೊಂದು ಆಟಗಾರರ ತಂಡಕ್ಕೆ ಎಷ್ಟು ಕಠಿಣವಾದೀತು ಎಂಬುದನ್ನು ಸೂತ್ರಧಾರ ಮುಂಚಿತವಾಗಿ ಅರಿಯುವ ಬಗೆ ಹೇಗೆ? ಗ್ರಂಥಗಳು ಕೊಡುವ ಅಂಕಗಳು ಅವನಿಗೆ ಎಷ್ಟರಮಟ್ಟಿಗೆ ಆಸರೆಯಾಗಬಲ್ಲವು?

ಪ್ರಶ್ನೆ ಈ ಆಟಕ್ಕಿಂತ ಹಳೆಯದು. ೧೮೨೪ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ನಕ್ಷೆ, ದಾಳ, ನಷ್ಟದ ಕೋಷ್ಟಕ, ಇವುಗಳ ಜೊತೆಗೆ ಒಬ್ಬ ನಿರ್ಣಾಯಕನೂ ಇದ್ದನು. ಅರ್ಧ ಶತಮಾನ ಕಳೆದ ಮೇಲೆ, ೧೮೭೬ರಲ್ಲಿ, ವೆರ್ಡಿ ಡು ವರ್ನ್ವಾ ಎಂಬ ಅಧಿಕಾರಿ ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿಯಾದ ನಿರ್ಣಾಯಕನ ವಿವೇಕಕ್ಕೇ ತೀರ್ಪನ್ನು ಬಿಡಬೇಕೆಂದು ವಾದಿಸಿದನು. ಕೋಷ್ಟಕವೋ ವಿವೇಕವೋ ಎಂಬ ಆ ವಾದ ಇಂದಿಗೂ ಮುಗಿದಿಲ್ಲ. ಅದರ ರಂಗಸ್ಥಳ ಮಾತ್ರ ಬದಲಾಗಿದೆ.

೧೯೭೪ರ ಗ್ರಂಥದಲ್ಲಿ ಕಾಳಗದ ಕಾಠಿನ್ಯವನ್ನು ಅಳೆಯುವ ಪ್ರತ್ಯೇಕ ಮಾನವಿರಲಿಲ್ಲ. ಇದ್ದದ್ದು ಆಳದ ಲೆಕ್ಕ. ನೆಲಮಾಳಿಗೆಯಲ್ಲಿ ಕೆಳಗಿಳಿದಷ್ಟೂ ಎದುರಾಗುವ ಜೀವಿಗಳು ಭಯಂಕರವಾಗುತ್ತಿದ್ದವು. ಇಳಿಯುವುದೋ ಹಿಂದಿರುಗುವುದೋ ಎಂಬುದು ಆಟಗಾರರಿಗೇ ಬಿಟ್ಟದ್ದು. ಬಯಲಿಗೆ ಬಂದರೆ ಈ ಲೆಕ್ಕವೂ ಇಲ್ಲ. ಅಲ್ಲಿ ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿಗಳು ೪೦ರಿಂದ ೪೦೦ರವರೆಗೆ ಎದುರಾಗಬಹುದಾಗಿತ್ತು. ನಾಲ್ಕು ಜನ ನವಸಾಹಸಿಗಳಿಗೆ ಇದು ಕಾಳಗವಲ್ಲ, ಓಡಿಹೋಗಲು ಸೂಚನೆ. ಎದುರಾದವರೆಲ್ಲ ಕತ್ತಿ ಹಿರಿಯಬೇಕೆಂದೂ ಇರಲಿಲ್ಲ. ಅವರ ಮನೋಭಾವವನ್ನು ದಾಳಗಳೇ ಹೇಳುತ್ತಿದ್ದವು. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ವೀರರ ಏಳಿಗೆಗೆ ಬೇಕಾದ ಅನುಭವಾಂಕಗಳು ವೈರಿಯನ್ನು ಕೊಲ್ಲುವುದರಿಂದ ದೊರೆಯುತ್ತಿದ್ದುದಕ್ಕಿಂತ ಹೊತ್ತುತಂದ ಹೊನ್ನಿನಿಂದ ದೊರೆಯುತ್ತಿದ್ದುದೇ ಹೆಚ್ಚು. ಆದುದರಿಂದ ಕಾಳಗವನ್ನು ತಪ್ಪಿಸಿಕೊಳ್ಳುವವನೇ ಜಾಣನೆನಿಸುತ್ತಿದ್ದನು.

೨೦೦೦ದಲ್ಲಿ ಮೂರನೆಯ ಆವೃತ್ತಿ ಬರುವ ವೇಳೆಗೆ ಈ ವ್ಯವಸ್ಥೆ ಮಾರ್ಪಟ್ಟಿತ್ತು. ಅನುಭವಾಂಕದ ಮುಖ್ಯ ಮೂಲ ಹೊನ್ನಲ್ಲ, ಗೆಲುವು ಎಂದಾಯಿತು. ಕಾಳಗ ಹೀಗೆ ಕಥೆಯ ನಡುಬೀದಿಗೆ ಬಂದ ಮೇಲೆ ಅದನ್ನು ತೂಗಿ ಕೊಡುವ ಹೊಣೆ ಸೂತ್ರಧಾರನ ಮೇಲೆ ಬಿತ್ತು. ತೂಗುವುದಕ್ಕೆ ತಕ್ಕಡಿಯೂ ಬೇಕಾಯಿತು. ಜೋನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ಇವರು ರೂಪಿಸಿದ ಆ ಆವೃತ್ತಿಯಲ್ಲಿ ಪ್ರತಿಯೊಂದು ಜೀವಿಗೂ ಚಾಲೆಂಜ್ ರೇಟಿಂಗ್ ಎಂಬ ಸವಾಲಿನ ಅಂಕವೊಂದು ಬಂದಿತು. ಸವಾಲು ನಾಲ್ವರ ತಂಡದ ಮಟ್ಟಕ್ಕೆ ಸಮನಾಗಿದ್ದರೆ ಅಂತಹ ಒಂದು ಕಾಳಗ ತಂಡದ ಶಕ್ತಿಸಂಪತ್ತಿನಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ವ್ಯಯಮಾಡಿಸುತ್ತದೆಂಬುದು ಲೆಕ್ಕ. ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಅಂಕ ಅಳೆಯಹೊರಟದ್ದು ಸಾವಿನ ಭಯವನ್ನಲ್ಲ, ಖರ್ಚನ್ನು. ಕಾಠಿನ್ಯ ಎಂಬ ಒಂದೇ ಮಾತಿನಲ್ಲಿ ವ್ಯಯ, ಅಪಾಯ ಎಂಬ ಎರಡು ಅರ್ಥಗಳು ಬೆರೆತುಹೋದದ್ದು ಇಲ್ಲಿಂದ. ಮುಂದಿನ ಗೊಂದಲಗಳಲ್ಲಿ ಹೆಚ್ಚಿನವಕ್ಕೆ ಇದೇ ಬೇರೆಂದು ನಮಗೆ ತೋರುತ್ತದೆ.

ಈಗ ಒಂದು ಉದಾಹರಣೆಯನ್ನು ಕೈಗೆತ್ತಿಕೊಳ್ಳೋಣ. ೨೦೧೪ರಲ್ಲಿ ಐದನೆಯ ಆವೃತ್ತಿಯೊಡನೆ ಹೊಸಬರಿಗಾಗಿ ಬಂದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಎಂಬ ಸಾಹಸಕಥೆಯ ಮೊದಲ ಘಟನೆ ಇದು. ದಾರಿಗಡ್ಡವಾಗಿ ಎರಡು ಕುದುರೆಗಳು ಸತ್ತುಬಿದ್ದಿವೆ. ಪೊದೆಗಳಲ್ಲಿ ನಾಲ್ಕು ಗಾಬ್ಲಿನ್‌ಗಳು ಅಡಗಿವೆ. ಅದೇ ವರ್ಷದ ನಿಯಮಗ್ರಂಥದ ಪ್ರಕಾರ ಗಾಬ್ಲಿನ್ ಒಂದಕ್ಕೆ ೫೦ ಅಂಕ, ನಾಲ್ಕಕ್ಕೆ ೨೦೦. ವೈರಿಗಳ ಸಂಖ್ಯೆ ಮೂರರಿಂದ ಆರರವರೆಗಿದ್ದರೆ ಮೊತ್ತವನ್ನು ಎರಡರಿಂದ ಗುಣಿಸಬೇಕು, ಆಗ ೪೦೦. ಒಂದನೆಯ ಮಟ್ಟದ ವೀರನೊಬ್ಬನಿಗೆ ಮಾರಕವೆನಿಸುವ ಮಿತಿ ೧೦೦, ನಾಲ್ವರಿಗೆ ೪೦೦. ಅಂದಮೇಲೆ ನಾಲ್ವರ ತಂಡಕ್ಕೆ ಈ ಕಾಳಗ ಮಾರಕ. ತಂಡದಲ್ಲಿ ಐವರಿದ್ದರೆ ಕಠಿಣದ ಮಿತಿ ೩೭೫, ಮಾರಕದ ಮಿತಿ ೫೦೦. ಅದೇ ಕಾಳಗ ಆಗ ಕೇವಲ ಕಠಿಣ. ಇನ್ನು ೨೦೨೪ರ ಪರಿಷ್ಕೃತ ಗ್ರಂಥಕ್ಕೆ ಬರೋಣ. ಅದು ಗುಣಿಸುವ ಪದ್ಧತಿಯನ್ನೇ ಕೈಬಿಟ್ಟಿದೆ. ಒಂದನೆಯ ಮಟ್ಟದ ವೀರನಿಗೆ ಅಲ್ಪ ಕಾಠಿನ್ಯದ ಮಿತಿ ೫೦, ಮಧ್ಯಮ ೭೫, ಅಧಿಕ ೧೦೦. ತಲಾ ೫೦ ಅಂಕದ ನಾಲ್ಕು ಗಾಬ್ಲಿನ್‌ಗಳು ನಾಲ್ವರಿಗೆ ಎದುರಾದರೆ ಮೊತ್ತ ೨೦೦, ಎಂದರೆ ಅಲ್ಪ! ಹತ್ತು ವರ್ಷಗಳಲ್ಲಿ ಒಂದೇ ಪೊದೆಯ ಹಿಂದಿನ ಅದೇ ನಾಲ್ಕು ಜೀವಿಗಳು ಮಾರಕತ್ವದಿಂದ ಅಲ್ಪತ್ವಕ್ಕೆ ಇಳಿದವು.

ಎರಡರಲ್ಲಿ ಯಾವುದು ದಿಟ? ಲೆಕ್ಕಹಾಕಿ ನೋಡೋಣ. ೨೦೧೪ರ ಗಾಬ್ಲಿನ್ ತನ್ನ ದಾಳಕ್ಕೆ ೪ನ್ನು ಕೂಡಿಕೊಂಡು ಹೊಡೆಯುತ್ತದೆ. ವೀರನ ರಕ್ಷಣಾಂಕ ೧೫ ಆಗಿದ್ದರೆ ಎರಡು ಏಟಿಗೆ ಒಂದು ತಗಲುತ್ತದೆ. ತಗಲಿದ ಏಟು ಸರಾಸರಿ ಐದೂವರೆ ಪ್ರಾಣಾಂಕಗಳನ್ನು ಕಳೆಯುತ್ತದೆ. ನಾಲ್ಕು ಗಾಬ್ಲಿನ್‌ಗಳು ಒಂದು ಸುತ್ತಿನಲ್ಲಿ ಕಳೆಯುವುದು ಸುಮಾರು ೧೧. ಒಂದನೆಯ ಮಟ್ಟದ ಮಾಂತ್ರಿಕನ ಪ್ರಾಣಾಂಕ ಎಂಟರ ಆಸುಪಾಸು, ಯೋಧನದು ಹನ್ನೆರಡರ ಆಸುಪಾಸು. ಹೊಂಚಿಗೆ ಸಿಕ್ಕಿದ ತಂಡ ಕೈಯೆತ್ತುವ ಮೊದಲೇ ಒಬ್ಬನು ನೆಲಕ್ಕುರುಳಬಹುದು. ಇದು ಮಾರಕವೇ ಸರಿ. ಆದರೆ ಆ ತಂಡ ಕುದುರೆಗಳ ಹೆಣವನ್ನು ಕಂಡು ಎಚ್ಚೆತ್ತು, ಮೊದಲ ಸರದಿ ತನ್ನದಾಗಿ, ಮಾಂತ್ರಿಕ ನಿದ್ರಾಮಂತ್ರವನ್ನು ಪ್ರಯೋಗಿಸಿದನೆನ್ನಿ. ಆ ಮಂತ್ರ ಸರಾಸರಿ ೨೨ ಪ್ರಾಣಾಂಕಗಳಷ್ಟು ವೈರಿಗಳನ್ನು ಮಲಗಿಸುತ್ತದೆ. ಗಾಬ್ಲಿನ್ ಒಂದರ ಪ್ರಾಣಾಂಕ ೭. ಅದರ ವರ್ತುಲದೊಳಗೆ ಸಿಕ್ಕರೆ ಮೂರು ಗಾಬ್ಲಿನ್‌ಗಳು ಒಂದೇ ಉಸಿರಿನಲ್ಲಿ ನಿದ್ರೆಹೋಗುತ್ತವೆ. ಇದು ಅಲ್ಪವೇ ಸರಿ. ಎರಡು ಗ್ರಂಥಗಳೂ ಸುಳ್ಳಾಡಲಿಲ್ಲ. ಪೂರ್ತಿ ದಿಟವನ್ನೂ ಹೇಳಲಿಲ್ಲ. ಕಾಠಿನ್ಯ ಗಾಬ್ಲಿನ್‌ನಲ್ಲಿ ಇರುವ ಗುಣವಲ್ಲ. ತಂಡ, ವೈರಿ, ಸ್ಥಳ, ಸಮಯ, ಅರಿವು ಇವುಗಳ ಸಂಬಂಧದಿಂದ ಹುಟ್ಟುವಂಥದು ಅದು. ಆಭರಣ ತಾನಾಗಿ ಚೆಲುವಲ್ಲ, ತಕ್ಕ ಎಡೆಯಲ್ಲಿ ತೊಟ್ಟಾಗ ಚೆಲುವು ಎಂದು ೧೧ನೆಯ ಶತಮಾನದಲ್ಲಿ ಕ್ಷೇಮೇಂದ್ರ ಔಚಿತ್ಯವನ್ನು ಕುರಿತು ಮಾಡಿದ ವಿಚಾರ ಇಲ್ಲಿಗೂ ಹೊಂದುತ್ತದೆ.

ಇದಕ್ಕೆ ಪೋಷಕವಾಗಿ ಇನ್ನೆರಡು ನಿದರ್ಶನಗಳನ್ನು ಕೊಡಬಹುದು. ೨೦೧೪ರ ಗ್ರಂಥಗಳಲ್ಲಿ ಶ್ಯಾಡೊ ಎಂಬ ಛಾಯಾಪಿಶಾಚಿಗೆ ೧೦೦ ಅಂಕ. ಒಂಟಿಯಾಗಿ ಬಂದರೆ ಮೊದಲ ಮಟ್ಟದ ನಾಲ್ವರಿಗೆ ಅದು ಸುಲಭ ಎನ್ನುತ್ತದೆ ಕೋಷ್ಟಕ. ಆದರೆ ಅದರ ಒಂದೊಂದು ಏಟೂ ಪ್ರಾಣಾಂಕದ ಜೊತೆಗೆ ವೀರನ ದೇಹಬಲದಲ್ಲಿ ಒಂದರಿಂದ ನಾಲ್ಕರವರೆಗೆ ಕುಗ್ಗಿಸುತ್ತದೆ. ಬಲ ಸೊನ್ನೆಯಾದರೆ ಮರಣ. ಬಲ ೮ ಇರುವ ಮಾಂತ್ರಿಕನಿಗೆ ಮೂರು ನಾಲ್ಕು ಏಟು ಸಾಕು, ದುರ್ದೈವವಿದ್ದರೆ ಎರಡೇ ಸಾಕು. ಮಂತ್ರಿಸದ ಆಯುಧಗಳ ಹೊಡೆತವಾದರೋ ಅದಕ್ಕೆ ಅರ್ಧದಷ್ಟು ಮಾತ್ರ ತಾಕುತ್ತದೆ. ಎರಡನೆಯ ನಿದರ್ಶನ ೧೯೮೭ರದು. ಆ ವರ್ಷದ ನವೆಂಬರಿನಲ್ಲಿ 'ಡ್ರ್ಯಾಗನ್' ಪತ್ರಿಕೆಯ ೧೨೭ನೆಯ ಸಂಚಿಕೆಯ ಸಂಪಾದಕೀಯದಲ್ಲಿ ರೋಜರ್ ಮೂರ್, ಟಕರ್ ಎಂಬ ಸೂತ್ರಧಾರನ ಕೋಬಲ್ಡ್‌ಗಳ ಕಥೆಯನ್ನು ಬರೆದನು. ಆಟದ ಜೀವಿಗಳಲ್ಲೆಲ್ಲ ಅತ್ಯಂತ ದುರ್ಬಲವಾದವುಗಳಲ್ಲಿ ಕೋಬಲ್ಡ್ ಒಂದು. ಆದರೂ ಇಕ್ಕಟ್ಟಾದ ಓಣಿ, ಬೆಂಕಿ, ಮರೆಯಿಂದ ಬಿಡುವ ಬಾಣ ಇವನ್ನು ಬುದ್ಧಿಯಿಂದ ಬಳಸಿ ಅವು ಉನ್ನತ ಮಟ್ಟದ ವೀರರನ್ನು ಓಡಿಸಿದುವು. ಕೋಬಲ್ಡ್‌ನ ಬಲವನ್ನು ಕೋಷ್ಟಕ ಬಲ್ಲದು. ಸೂತ್ರಧಾರನ ಬುದ್ಧಿಯನ್ನು ಅದು ಅರಿಯದು.

ಹಾಗಾದರೆ ಅಂಕಗಳು ನಿಷ್ಪ್ರಯೋಜಕವೆ? ಹಾಗೆನ್ನುವುದು ದುಡುಕು. ಮೊದಲ ಬಾರಿಗೆ ಸೂತ್ರಧಾರನಾಗುವವನಿಗೆ ಓಗರ್ ಎಂಬ ದೈತ್ಯನಿಗೂ ಗಾಬ್ಲಿನ್‌ಗೂ ಇರುವ ಅಂತರ ಹೆಸರಿನಿಂದ ತಿಳಿಯುವುದಿಲ್ಲ. ೪೫೦ ಮತ್ತು ೫೦ ಎಂಬ ಅಂಕಗಳಿಂದ ತಿಳಿಯುತ್ತದೆ. ಛಂದಸ್ಸಿನ ಲಕ್ಷಣ ಕವಿಯನ್ನು ಸೃಷ್ಟಿಸದಿದ್ದರೂ ಎಡವಿದ ಗಣವನ್ನು ತೋರಿಸಿಕೊಡುತ್ತದಷ್ಟೆ. ನಾವು ಆಕ್ಷೇಪಿಸುವುದು ಅಂಕವನ್ನಲ್ಲ, ಅಂಕ ಹುಟ್ಟಿಸುವ ಭ್ರಾಂತಿಯನ್ನು. ಲೆಕ್ಕ ಸರಿಯಾಗಿದ್ದರೆ ಕಾಳಗ ನ್ಯಾಯವಾದದ್ದು, ಲೆಕ್ಕ ತಪ್ಪಿದರೆ ಅನ್ಯಾಯವಾದದ್ದು ಎಂಬುದೇ ಆ ಭ್ರಾಂತಿ.

ಈ ಭ್ರಾಂತಿಯ ಫಲ ಆಟದ ನಡುವೆ ಕಾಣಿಸಿಕೊಳ್ಳುತ್ತದೆ. ಮಧ್ಯಮವೆಂದು ಎಣಿಸಿದ ಕಾಳಗ ಕೈಮೀರಿ ಹೋಗುತ್ತಿದೆ. ಒಬ್ಬ ವೀರ ಸಾಯುವುದರಲ್ಲಿದ್ದಾನೆ. ತನ್ನ ಲೆಕ್ಕ ತಪ್ಪಿತೆಂದು ನಾಚಿದ ಸೂತ್ರಧಾರ ಮರೆಯಲ್ಲಿ ಉರುಳಿಸಿದ ದಾಳದ ಫಲವನ್ನು ತಿರುಚಿ ಹೇಳುತ್ತಾನೆ. ಅಥವಾ ವೈರಿಯ ಪ್ರಾಣಾಂಕವನ್ನು ಸದ್ದಿಲ್ಲದೆ ತಗ್ಗಿಸುತ್ತಾನೆ. ಇದನ್ನು ಸಮರ್ಥಿಸುವವರಿದ್ದಾರೆ. ೧೯೭೯ರ ಸೂತ್ರಧಾರ ಗ್ರಂಥದಲ್ಲಿ ಸ್ವತಃ ಗೈಗ್ಯಾಕ್ಸ್, ಮಾಡಬೇಕಾದುದನ್ನೆಲ್ಲ ಮಾಡಿಯೂ ಕೇವಲ ದಾಳದ ವೈಪರೀತ್ಯದಿಂದ ಸಾಯುವವನಿಗೆ ಸಾವಿನ ಬದಲು ಅಂಗಹಾನಿಯನ್ನೋ ಮೂರ್ಛೆಯನ್ನೋ ವಿಧಿಸುವ ಅಧಿಕಾರವನ್ನು ಸೂತ್ರಧಾರನಿಗೆ ಕೊಟ್ಟಿದ್ದಾನೆ. ಆದರೆ ಅಲ್ಲಿ ಹೇಳಿದ್ದು ಫಲದ ಸ್ವರೂಪವನ್ನು ಬದಲಿಸುವ ಮಾತು. ಸೋತವನು ಸೋತೇ ಇರುತ್ತಾನೆ, ಸೋಲಿಗೆ ಬೆಲೆಯನ್ನೂ ತೆರುತ್ತಾನೆ. ಗುಟ್ಟಾಗಿ ಸೋಲನ್ನೇ ಗೆಲುವಾಗಿಸುವುದು ಬೇರೆಯ ಮಾತು. ಆಟಗಾರ ಹಿಂಜರಿಯಬಹುದಾಗಿತ್ತು, ಮುನ್ನುಗ್ಗಿದ. ಗೆಳೆಯನನ್ನು ಬಿಟ್ಟು ಓಡಬಹುದಾಗಿತ್ತು, ಓಡಲಿಲ್ಲ. ಅಪಾಯ ನಿಜವಾಗಿದ್ದರೆ ಮಾತ್ರ ಆ ನಿರ್ಧಾರಕ್ಕೆ ಬೆಲೆ. ಅಪಾಯವನ್ನು ಅವನಿಗರಿಯದಂತೆ ಅಳಿಸಿದ ಸೂತ್ರಧಾರ ಅವನ ಪ್ರಾಣವನ್ನು ಉಳಿಸಿ ಅವನ ಧೈರ್ಯವನ್ನು ಕಸಿದುಕೊಂಡಂತಾಯಿತು.

ಹೀಗಿರುವಲ್ಲಿ ಸೂತ್ರಧಾರ ಕೇಳಿಕೊಳ್ಳಬೇಕಾದ ಪ್ರಶ್ನೆ ಈ ಕಾಳಗ ಸಮತೂಕವಾಗಿದೆಯೆ ಎಂಬುದೊಂದೇ ಅಲ್ಲ. ಅದಕ್ಕಿಂತ ಮೊದಲು ಮೂರು ಪ್ರಶ್ನೆಗಳಿವೆ. ಅಪಾಯವನ್ನು ಊಹಿಸುವುದಕ್ಕೆ ಆಟಗಾರರಿಗೆ ಕುರುಹೇನಾದರೂ ಇದೆಯೆ? ಅರಿತ ಮೇಲೆ ಹಿಂದಿರುಗಲು, ಬಳಸಿಕೊಂಡು ಹೋಗಲು, ಮಾತನಾಡಲು ದಾರಿಯಿದೆಯೆ? ಸೋತರೆ ಕಥೆ ಅಲ್ಲಿಗೇ ನಿಲ್ಲುತ್ತದೆಯೋ ಮುಂದುವರಿಯುತ್ತದೆಯೋ? ಈ ಮೂರಕ್ಕೂ ಉತ್ತರವಿದ್ದಲ್ಲಿ ಮಾರಕವೆಂಬ ಕಾಳಗವೂ ನ್ಯಾಯವಾದೀತು. ಉತ್ತರವಿಲ್ಲದಲ್ಲಿ ಸುಲಭವೆಂಬ ಛಾಯಾಪಿಶಾಚಿಯೂ ಅನ್ಯಾಯವೇ.

ನಾವು ಪರೀಕ್ಷಿಸಿದ ಗಾಬ್ಲಿನ್ ಘಟನೆಯನ್ನೇ ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿದರೆ ಅದರ ಗುಣ ತಿಳಿಯುತ್ತದೆ. ಸತ್ತ ಕುದುರೆಗಳು ದಾರಿಯಲ್ಲಿ ಬಿದ್ದಿರುವುದು ಅಲಂಕಾರಕ್ಕಲ್ಲ, ಎಚ್ಚರಿಕೆಗೆ. ವೀರರು ಸೋತರೆ ಗಾಬ್ಲಿನ್‌ಗಳು ಅವರನ್ನು ಕೊಲ್ಲದೆ, ಮೂರ್ಛೆಹೋದವರನ್ನು ದೋಚಿಕೊಂಡು ಹೋಗುತ್ತವೆಂದು ಗ್ರಂಥವೇ ವಿಧಿಸಿದೆ. ಬರಿಗೈಯಲ್ಲಿ ಎದ್ದ ವೀರರು ಊರಿಗೆ ಹೋಗಿ, ಸಜ್ಜಾಗಿ ಹಿಂದಿರುಗಿ, ಅದೇ ಜಾಡನ್ನು ಹಿಡಿಯಬಹುದು. ಕೋಷ್ಟಕದ ಮಾತಿನಲ್ಲಿ ಮಾರಕವಾದ ಕಾಳಗವನ್ನು ಹೊಸಬರ ಮುಂದಿಡಲು ಈ ಕೃತಿಗೆ ಸಾಧ್ಯವಾದದ್ದು ಅದು ಸೋಲಿಗೂ ಒಂದು ಬಾಗಿಲನ್ನು ತೆರೆದಿಟ್ಟಿದ್ದರಿಂದ. ಈ ವಿವೇಕವನ್ನು ಯಾವ ಗುಣಾಕಾರವೂ ಕೊಡಲಾರದು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಆಟಕ್ಕೆ ಸೂತ್ರಧಾರರಾದರೆ ಅಂಕಗಳನ್ನು ಓದಲಿ, ಕೂಡಲಿ, ಗುಣಿಸಲಿ; ಅದು ಪೂರ್ವಸಿದ್ಧತೆ. ಬಳಿಕ ಗ್ರಂಥವನ್ನು ಮುಚ್ಚಿಟ್ಟು, ತಮ್ಮ ಮೇಜಿನ ಸುತ್ತ ಕುಳಿತವರಿಗೆ ಪೊದೆಯ ಹಿಂದಿರುವುದರ ಸುಳಿವು ಸಿಕ್ಕಿದೆಯೆ ಎಂದು ಕೇಳಿಕೊಳ್ಳಲಿ. ಸಿಕ್ಕಿದ್ದರೆ ದಾಳವನ್ನು ಎಲ್ಲರ ಕಣ್ಣೆದುರಿಗೇ ಉರುಳಿಸಲು ಅವರು ಅಂಜಬೇಕಾಗಿಲ್ಲ.