ಜಲಸಂಗಿಯ ಶಿಲ್ಪದಲ್ಲಿ ಉಡುಗೆಯ ಮಾತು

ಹುಮನಾಬಾದ್ ತಾಲೂಕಿನ ಜಲಸಂಗಿಗೆ ನೀವು ಹೋಗಿದ್ದೀರಾ? ಅಲ್ಲಿಯ ಕಲ್ಮೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲಾಬಾಲಿಕೆಯರು ನಿಂತಿದ್ದಾರೆ. ಒಂಬೈನೂರು ವರ್ಷಗಳ ಹಿಂದೆ ಈ ಸೀಮೆಯ ಸಿರಿವಂತ ಸ್ತ್ರೀಯರು ಏನು ಉಟ್ಟು ತೊಡುತ್ತಿದ್ದರು ಎಂಬುದಕ್ಕೆ ಇಂಥ ಕಲ್ಲುಗಳೇ ನಮಗೆ ಮುಖ್ಯ ಸಾಕ್ಷಿ.

ಇವರು ಅರೆಬೆತ್ತಲೆಯೆಂದು ಮುಖ ತಿರುಗಿಸುವವರುಂಟು. ಅದು ಅವಸರದ ತೀರ್ಪು. ಚಾಲುಕ್ಯ ಶಿಲ್ಪಿಯು ವಸ್ತ್ರವನ್ನು ದಪ್ಪವಾಗಿ ಕೆತ್ತುವುದಿಲ್ಲ; ಮೈಗೆ ಅಂಟಿದಂತಿರುವ ನವುರು ಬಟ್ಟೆಯನ್ನು ಅಂಚಿನ ಗೆರೆಯಿಂದ, ನಿರಿಗೆಯಿಂದ ಸೂಚಿಸುತ್ತಾನೆ. ಅದರ ಮೇಲೆ ಡಾಬು, ಹಾರ, ತೋಳಬಂದಿಗಳನ್ನು ಬಿಡಿಸಿ ತೋರುತ್ತಾನೆ. ಹಾಗೆಂದು ಇವರನ್ನು ರಾಣಿಯರ ಭಾವಚಿತ್ರಗಳೆಂದು ನಂಬುವುದೂ ಸಲ್ಲದು. ಶಿಲ್ಪಿ ಕಡೆದದ್ದು ಆದರ್ಶ ರೂಪವನ್ನು. ಅದಕ್ಕೆ ತೊಡಿಸಿದ್ದು ಅರಮನೆಯ ಅಭಿರುಚಿಯನ್ನು.

ಆ ಅಭಿರುಚಿ ಎಷ್ಟು ದೂರ ಹರಡಿತ್ತೆಂಬುದನ್ನು ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ತಿಳಿಸುತ್ತದೆ. ಸುಮಾರು 1129ರ ಈ ಸಂಸ್ಕೃತ ಗ್ರಂಥದಲ್ಲಿ ಅರಸನ ವಸ್ತ್ರಭೋಗಕ್ಕೇ ಒಂದು ಅಧ್ಯಾಯವಿದೆ. ನಾಗಪಟ್ಟಣ, ಸಿಂಹಳ, ವಂಗ, ಕಳಿಂಗ, ಮಹಾಚೀನಗಳ ಬಟ್ಟೆಗಳು ಅಲ್ಲಿ ಸಾಲುಗೊಂಡಿವೆ. ಊರುಗಳಿಗೆ ಸ್ಥಾನ ಸಿಕ್ಕಿದೆ; ಮಗ್ಗದ ಮುಂದೆ ಕುಳಿತವರಿಗೆ ಸಿಕ್ಕಿಲ್ಲ.

ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣ ಬೇರೊಂದು ನೋಟವನ್ನು ಕಂಡಿತು. ಶರಣರ ಬಟ್ಟೆ ಮಡಿಮಾಡುತ್ತಿದ್ದ ಮಾಚಯ್ಯನ ಹೆಸರು ಗೌರವದಿಂದ ಉಳಿಯಿತು. ಅರಸನ ಐಶ್ವರ್ಯವನ್ನು ತೊರೆದ ಅಕ್ಕಮಹಾದೇವಿ ಉಡುಗೆಯನ್ನೂ ಕಳಚಿ, ಕೇಶವನ್ನೇ ಹೊದ್ದು ಅನುಭವ ಮಂಟಪಕ್ಕೆ ಬಂದಳೆಂದು ಪರಂಪರೆ ಹೇಳುತ್ತದೆ. ಮುಂದಿನ ಶತಮಾನದಲ್ಲಿ, ದೂರದ ಅಸ್ಸಿಸಿಯಲ್ಲಿ, ಬಟ್ಟೆ ವ್ಯಾಪಾರಿಯ ಮಗನಾದ ಸಂತ ಫ್ರಾನ್ಸಿಸರೂ ಧರ್ಮಾಧ್ಯಕ್ಷರ ಮುಂದೆ ತಂದೆಯ ಬಟ್ಟೆಗಳನ್ನು ಕಳಚಿ ಹಿಂದಿರುಗಿಸಿದರು.

ಹಾಗಾದರೆ ಚೆಲುವಾದ ಉಡುಗೆ ಪಾಪವೇ? ಇದಕ್ಕೆ ಜಲಸಂಗಿಯ ಒಬ್ಬ ಬಾಲಿಕೆಯೇ ಉತ್ತರ ಕೊಡುತ್ತಾಳೆ. ಆಕೆ ಬಳುಕಿ ನಿಂತು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಬರೆಯುತ್ತಿದ್ದಾಳೆ. ಅವಳ ಆಭರಣಗಳಿಗೆ ಕೊರತೆಯಿಲ್ಲ. ಆದರೆ ನಮ್ಮ ದೃಷ್ಟಿ ಕೊನೆಗೆ ನಿಲ್ಲುವುದು ಬರೆಯುವ ಆ ಕೈಯ ಮೇಲೆ. ಅಲಂಕಾರವು ವ್ಯಕ್ತಿಯನ್ನು ಮರೆಮಾಡಿಲ್ಲ. ಅಲ್ಲಿಯೇ ಶಿಲ್ಪಿಯ ಹಿರಿಮೆಯಿದೆ. ಬರೆದದ್ದು ಅರಸನ ಹೊಗಳಿಕೆ ಮಾತ್ರವೆಂಬುದು ಆ ಕಾಲದ ಮಿತಿ.

ನಮ್ಮ ಮಿತಿ ಯಾವುದು? ಹೊನ್ನುಂಗುರ ತೊಟ್ಟವನಿಗೆ ಉತ್ತಮ ಪೀಠ, ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿ ನೆಲ ಎಂಬ ಭೇದವನ್ನು ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಖಂಡಿಸಿದ್ದಾರೆ. ಮದುವೆಯ ಸೀರೆಗಾಗಿ ಸಾಲ ಮಾಡುವ ಮನೆಗಳು, ಒಳ್ಳೆಯ ಬಟ್ಟೆಯಿಲ್ಲವೆಂದು ಹಬ್ಬದ ಬಲಿಪೂಜೆಗೆ ಬಾರದೆ ಉಳಿಯುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಆ ತಾಯಿ ಹಿಂದೆ ಸರಿದದ್ದು ದೇವರ ನೋಟಕ್ಕೆ ಅಂಜಿ ಅಲ್ಲ, ನಮ್ಮ ನೋಟಕ್ಕೆ ಅಂಜಿ.

ಮಕ್ಕಳೊಡನೆ ಒಮ್ಮೆ ಜಲಸಂಗಿಗೆ ಹೋಗಿಬನ್ನಿ. ಉಡುಗೆಯನ್ನು ಮೆಚ್ಚಿರಿ, ಉಟ್ಟವಳ ಕೈಯನ್ನೂ ನೋಡಿರಿ. ಮುಂದಿನ ಭಾನುವಾರ ದೇವಾಲಯದ ಬಾಗಿಲಲ್ಲಿ ಯಾರನ್ನು ಮೊದಲು ಮಾತನಾಡಿಸಬೇಕೆಂಬುದು ಆಗ ನಿಮಗೇ ತಿಳಿದೀತು.