ರೇಖೆಯ ಮೇಲೆ ಇಂಗ್ಲಿಷ್ ವಾಕ್ಯ

ಇಂಗ್ಲಿಷ್ ವ್ಯಾಕರಣವನ್ನು ಪರೀಕ್ಷೆಯ ಭೀತಿಯಿಂದ ಕಲಿತು, ಪರೀಕ್ಷೆ ಮುಗಿದೊಡನೆಯೇ ಮರೆತವರು ನಮ್ಮಲ್ಲಿ ಬಹುಮಂದಿ. ಅದನ್ನು ಪ್ರೌಢವಯಸ್ಸಿನಲ್ಲಿ, ಯಾವ ಪ್ರಯೋಜನದ ಅಪೇಕ್ಷೆಯೂ ಇಲ್ಲದೆ, ಸಂಗೀತವನ್ನು ಸವಿಯುವ ರಸಿಕರಂತೆ ಸವಿಯಬಹುದೆಂದು ಬಲ್ಲವರು ವಿರಳ. ಬಿಡುವಿನ ವೇಳೆಯಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ವಾಕ್ಯವನ್ನು ಆರಿಸಿಕೊಂಡು, ಅದರ ಪದಗಳನ್ನೆಲ್ಲ ಕಾಗದದ ಮೇಲೆ ಗೆರೆಗಳಲ್ಲಿ ಬಿಡಿಸಿಟ್ಟು, ಯಾವ ಪದವು ಯಾವುದನ್ನು ಆಶ್ರಯಿಸಿ ನಿಂತಿದೆಯೆಂಬುದನ್ನು ಕಣ್ಣಾರೆ ಕಾಣುವ ಹವ್ಯಾಸವನ್ನು ಕುರಿತು ಈ ವಾರ ಬರೆಯಬೇಕೆನಿಸಿದೆ.

ಈ ಹವ್ಯಾಸಕ್ಕೆ ಇಂಗ್ಲಿಷ್ ಭಾಷೆಯೇ ವಿಶೇಷವಾಗಿ ಒದಗಿಬಂದುದಕ್ಕೆ ಕಾರಣವುಂಟು. ‘ರಾಮನು ರಾವಣನನ್ನು ಕೊಂದನು’ ಎಂದರೂ, ‘ರಾವಣನನ್ನು ರಾಮನು ಕೊಂದನು’ ಎಂದರೂ, ‘ಕೊಂದನು ರಾವಣನನ್ನು ರಾಮನು’ ಎಂದರೂ ನಮ್ಮಲ್ಲಿ ಕೊಂದವನು ರಾಮನೇ, ಸತ್ತವನು ರಾವಣನೇ. ‘ಅನ್ನು’ ಎಂಬ ದ್ವಿತೀಯಾ ಪ್ರತ್ಯಯವು ಕರ್ಮವನ್ನು ಎಲ್ಲಿದ್ದರೂ ಗುರುತಿಸಿಕೊಡುತ್ತದೆ. ‘ರಾಮ ಕಿಲ್ಡ್ ರಾವಣ’ ಎಂಬಲ್ಲಿಯಾದರೋ ಎರಡು ಹೆಸರುಗಳನ್ನು ಸ್ಥಾನಪಲ್ಲಟ ಮಾಡಿದೊಡನೆ ರಾಮಾಯಣವೇ ತಲೆಕೆಳಗಾಗುತ್ತದೆ. ಅಲ್ಲಿ ಕ್ರಿಯಾಪದದ ಹಿಂದಣ ಸ್ಥಾನವೇ ಕರ್ತೃತ್ವ, ಮುಂದಣ ಸ್ಥಾನವೇ ಕರ್ಮತ್ವ. ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಗಳು ಇದ್ದುವು. ಪದಾಂತ್ಯದ ಸ್ವರಗಳು ಉಚ್ಚಾರಣೆಯಲ್ಲಿ ಕ್ರಮೇಣ ಕ್ಷೀಣಿಸಿದಂತೆ ಆ ಪ್ರತ್ಯಯಗಳೂ ಸವೆದುಹೋಗಿ, ಅವು ಹೊರುತ್ತಿದ್ದ ಭಾರವನ್ನು ಪದಗಳ ಅನುಕ್ರಮವೂ ಉಪಸರ್ಗಗಳೂ ಹೊರಬೇಕಾಯಿತು. ‘ಹೀ’ ಮತ್ತು ‘ಹಿಮ್’, ‘ದೇ’ ಮತ್ತು ‘ದೆಮ್’ ಮೊದಲಾದ ಸರ್ವನಾಮಗಳ ಜೋಡಿಗಳಲ್ಲಿ ಮಾತ್ರ ಕರ್ತೃಕರ್ಮಗಳ ರೂಪಭೇದದ ಅವಶೇಷವನ್ನು ಇಂದಿಗೂ ಕಾಣಬಹುದು. ಹಳಗನ್ನಡ ಕಾವ್ಯವನ್ನೋದುವಾಗ ನಮ್ಮ ಪಂಡಿತರು ಪದ್ಯದಲ್ಲಿ ಚದುರಿಹೋದ ಪದಗಳನ್ನು ಆಯ್ದು ಗದ್ಯಕ್ರಮಕ್ಕೆ ತಂದು ಅನ್ವಯ ಹೇಳುತ್ತಾರಷ್ಟೆ. ಇಂಗ್ಲಿಷ್ ಗದ್ಯವು ಅನ್ವಯವನ್ನು ಮೈಯೊಳಗೆ ಇಟ್ಟುಕೊಂಡೇ ಹುಟ್ಟುತ್ತದೆ, ಆ ಕ್ರಮವನ್ನು ಕದಲಿಸಿದರೆ ಅರ್ಥವೂ ಕದಲುತ್ತದೆ.

ಈ ಸ್ಥಾನವ್ಯವಸ್ಥೆಯನ್ನು ಚಿತ್ರವಾಗಿಸಿದವರು ಅಮೆರಿಕದ ಉಪಾಧ್ಯಾಯರು. 1847ರಲ್ಲಿ ಸ್ಟೀಫನ್ ಕ್ಲಾರ್ಕ್ ಎಂಬವರು ಪ್ರತಿಯೊಂದು ಪದವನ್ನೂ ಬುಗ್ಗೆಯಾಕಾರದ ಚೌಕಟ್ಟಿನೊಳಗಿಟ್ಟು ಒಂದಕ್ಕೊಂದು ಜೋಡಿಸಿದರು. ವಾಕ್ಯವು ಉದ್ದವಾದಷ್ಟೂ ಆ ಚಿತ್ರವು ಕಣ್ಣಿಗೆ ಭಾರವಾಗುತ್ತಿತ್ತು. 1877ರಲ್ಲಿ ಬ್ರೂಕ್ಲಿನ್ನಿನ ಅಲೊಂಜೊ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ ತಮ್ಮ ‘ಹೈಯರ್ ಲೆಸನ್ಸ್ ಇನ್ ಇಂಗ್ಲಿಷ್’ ಗ್ರಂಥದಲ್ಲಿ ಚೌಕಟ್ಟುಗಳನ್ನು ತೊರೆದು ಬರಿಯ ಗೆರೆಗಳನ್ನು ಉಳಿಸಿಕೊಂಡರು. ಅವರ ಪದ್ಧತಿಯಲ್ಲಿ ಮೊದಲು ಒಂದು ಅಡ್ಡಗೆರೆ. ಅದರ ಮೇಲೆ ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ, ನಡುವೆ ಅಡ್ಡಗೆರೆಯನ್ನು ಸೀಳಿ ಕೆಳಕ್ಕಿಳಿಯುವ ಲಂಬರೇಖೆ. ಕರ್ಮವು ಬಂದರೆ ಕ್ರಿಯಾಪದದ ಮುಂದೆ ಮತ್ತೊಂದು ಲಂಬರೇಖೆ. ಆದರೆ ಇದು ಅಡ್ಡಗೆರೆಯನ್ನು ಸೀಳದೆ ಅದರ ಮೇಲೆಯೇ ನಿಲ್ಲುತ್ತದೆ. ಕರ್ತೃವನ್ನೇ ವರ್ಣಿಸುವ ಪೂರಕಪದವಾದರೆ ಆ ರೇಖೆಯು ನೆಟ್ಟಗೆ ನಿಲ್ಲದೆ ಕರ್ತೃವಿನ ಕಡೆಗೆ ವಾಲುತ್ತದೆ. ಆ ವಾಲುವಿಕೆಯಲ್ಲಿರುವ ಔಚಿತ್ಯವನ್ನು ನಾನು ಎಷ್ಟು ಮೆಚ್ಚಿದರೂ ಸಾಲದು: ‘ದ ಬಾಯ್ ಈಸ್ ಕ್ಲೆವರ್’ ಎಂಬಲ್ಲಿ ಜಾಣತನವು ಯಾರದೆಂಬುದನ್ನು ಗೆರೆಯೇ ಬೆರಳು ಚಾಚಿ ತೋರಿಸುತ್ತದೆ. ವಿಶೇಷಣಗಳೂ ಕ್ರಿಯಾವಿಶೇಷಣಗಳೂ ತಾವು ಆಶ್ರಯಿಸಿದ ಪದದ ಕೆಳಗೆ ಓರೆಗೆರೆಗಳಲ್ಲಿ ತೂಗುತ್ತವೆ.

‘ದ ಟೀಚರ್ ಗೇವ್ ದ ಬಾಯ್ ಅ ಬುಕ್’ ಎಂಬ ವಾಕ್ಯವನ್ನು ಬಿಡಿಸಿ ನೋಡಿರಿ. ಕ್ರಿಯಾಪದದ ಮುಂದೆ ಎರಡು ನಾಮಪದಗಳಿವೆ, ಎರಡಕ್ಕೂ ಪ್ರತ್ಯಯವಿಲ್ಲ. ಕೊಟ್ಟದ್ದು ಹುಡುಗನನ್ನೋ ಪುಸ್ತಕವನ್ನೋ ಎಂದು ಹೊಸ ವಿದ್ಯಾರ್ಥಿಯು ತಬ್ಬಿಬ್ಬಾಗುವುದು ಸಹಜ. ರೀಡ್ ಮತ್ತು ಕೆಲಾಗರು ಪುಸ್ತಕವನ್ನು ಮುಖ್ಯರೇಖೆಯ ಮೇಲೆ ಉಳಿಸಿ, ಹುಡುಗನನ್ನು ಕ್ರಿಯಾಪದದ ಕೆಳಗಿಳಿಸಿ, ನಡುವಣ ಓರೆಗೆರೆಯಲ್ಲಿ ಉಪಸರ್ಗವಿರಬೇಕಾದ ಎಡೆಯನ್ನು ತೆರವಾಗಿ ಬಿಡುತ್ತಾರೆ. ಕನ್ನಡಿಗನು ಆ ತೆರವಿನಲ್ಲಿ ತನ್ನ ‘ಹುಡುಗನಿಗೆ’ ಎಂಬುದರ ಚತುರ್ಥೀ ವಿಭಕ್ತಿಯನ್ನು ಕೂಡಲೇ ಗುರುತಿಸಬಲ್ಲನು.

ನಮ್ಮ ಶಾಲೆಗಳಲ್ಲಿ ಈ ಗೆರೆಗಳು ಬಳಕೆಗೆ ಬರಲಿಲ್ಲ. ನೆಸ್‌ಫೀಲ್ಡ್ ವ್ಯಾಕರಣವನ್ನೂ ತರುವಾಯ ರೆನ್ ಮತ್ತು ಮಾರ್ಟಿನ್ನರ ಪುಸ್ತಕವನ್ನೂ ಓದಿದವರು ವಾಕ್ಯ ವಿಶ್ಲೇಷಣೆಯನ್ನು ಕಂಬಸಾಲುಗಳ ಕೋಷ್ಟಕದಲ್ಲಿ ತುಂಬುತ್ತಿದ್ದರು. ಕೋಷ್ಟಕವು ಪದಗಳನ್ನು ವಿಂಗಡಿಸುತ್ತದೆ, ಆದರೆ ಅವುಗಳ ಪರಸ್ಪರಾವಲಂಬನವನ್ನು ಕಣ್ಣಿಗೆ ಕಾಣಿಸುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡಿಗರಿಗೆ ಅತ್ಯಂತ ಬೋಧಪ್ರದವಾದದ್ದು ಉಪವಾಕ್ಯದ ಚಿತ್ರ. ‘ನಿನ್ನೆ ಬಂದ ಹುಡುಗ ನನ್ನ ಶಿಷ್ಯ’ ಎಂಬಲ್ಲಿ ವಿವರಣೆಯೆಲ್ಲವೂ ಹುಡುಗನಿಗಿಂತ ಮೊದಲೇ ಬಂದು ಕಾದಿರುತ್ತದೆ; ಮುಖ್ಯವಾಕ್ಯಕ್ಕೆ ಕ್ರಿಯಾಪದದ ಅಪೇಕ್ಷೆಯೇ ಇಲ್ಲ. ಇಂಗ್ಲಿಷಿನಲ್ಲಿ ಹುಡುಗನು ಮೊದಲು ಪ್ರವೇಶಿಸಿ, ಅವನು ಯಾರೆಂಬ ಮಾತು ‘ಹೂ’ ಎಂಬ ಸರ್ವನಾಮದ ಕೈಹಿಡಿದು ಹಿಂದಿನಿಂದ ಬರಬೇಕು. ‘ಈಸ್’ ಎಂಬುದನ್ನು ಬಿಟ್ಟರೆ ವಾಕ್ಯವೇ ನಿಲ್ಲದು. ಚಿತ್ರದಲ್ಲಿ ಉಪವಾಕ್ಯಕ್ಕೆ ಕೆಳಗೆ ಸ್ವಂತದ ಅಡ್ಡಗೆರೆಯೊಂದು ದೊರೆತು, ‘ಹೂ’ ಎಂಬುದರಿಂದ ಮೇಲಿನ ‘ಬಾಯ್’ವರೆಗೆ ಚುಕ್ಕಿಗೆರೆಯೊಂದು ಏರುತ್ತದೆ. ನಮ್ಮ ಮಕ್ಕಳ ಇಂಗ್ಲಿಷ್ ಬರವಣಿಗೆಯ ಹಲವು ತೊಡಕುಗಳಿಗೆ ಮೂಲವು ಈ ದಿಗ್ಭೇದದಲ್ಲಿದೆ. ಕಂಠಪಾಠದ ಸೂತ್ರಗಳಿಗಿಂತ ಆ ಒಂದು ಚುಕ್ಕಿಗೆರೆಯು ಅವರಿಗೆ ಹೆಚ್ಚು ಕಲಿಸೀತು.

ಅಭ್ಯಾಸವು ಕುದುರಿದ ಮೇಲೆ ಮಿಲ್ಟನ್ ಕವಿಯ ಬಳಿಗೆ ಹೋಗಬೇಕು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಮೊದಲನೆಯ ವಾಕ್ಯವು 16 ಪಂಕ್ತಿಗಳಷ್ಟು ಹರಿಯುತ್ತದೆ. ಹಾಡಬೇಕಾದ ವಿಷಯವೇನೆಂಬುದು ಮುಂಚೆಯೇ ರಾಶಿಗೊಂಡು, ಹಾಡೆಂಬ ಮುಖ್ಯಕ್ರಿಯಾಪದವು 6ನೆಯ ಪಂಕ್ತಿಗೆ ಬರುತ್ತದೆ. ಲ್ಯಾಟಿನ್ನಿನಲ್ಲಿ ನುರಿತಿದ್ದ ಆ ಕವಿಯು ವಿಭಕ್ತಿಗಳಿಲ್ಲದ ಭಾಷೆಯಿಂದ ವಿಭಕ್ತಿಯುಳ್ಳ ಭಾಷೆಯ ಸ್ವಾತಂತ್ರ್ಯವನ್ನು ಪಡೆಯಲೆಳಸಿದ್ದಾನೆ, ಪಡೆದೂ ಇದ್ದಾನೆ. ಕ್ರಿಯಾಪದಕ್ಕಾಗಿ ಕಾಯುವುದನ್ನು ಹುಟ್ಟಿನಿಂದಲೇ ಬಲ್ಲ ಕನ್ನಡದ ಓದುಗನಿಗೆ ಇದು ಅಪರಿಚಿತವೆನಿಸಲಾರದು. ಚಿತ್ರ ಬರೆಯುವವರು ಮೊದಲನೆಯ ಪಂಕ್ತಿಯಿಂದ ಆರಂಭಿಸಬಾರದು. ಆ ಕ್ರಿಯಾಪದವನ್ನು ರೇಖೆಯ ಮೇಲಿಟ್ಟು, ಪದ್ಯದಲ್ಲಿಲ್ಲದ ‘ನೀನು’ ಎಂಬ ಕರ್ತೃವಿಗೆ ಎಡಗಡೆಯಲ್ಲಿ ಎಡೆ ಮಾಡಿ, ಸಂಬೋಧಿತಳಾದ ಕಾವ್ಯದೇವಿಯನ್ನು ಪ್ರತ್ಯೇಕವಾದೊಂದು ಪುಟ್ಟ ಗೆರೆಯಲ್ಲಿ ಮೇಲುಗಡೆ ಕೂರಿಸಬೇಕು. ಆಮೇಲೆ ಹಿಂದಣ ಐದು ಪಂಕ್ತಿಗಳನ್ನು ಒಂದೊಂದಾಗಿ ಅದೇ ಕ್ರಿಯಾಪದದ ಕೆಳಗೆ ಇಳಿಬಿಡುತ್ತ ಹೋಗಬಹುದು. ಕಾಗದವು ಅಗಲವಾಗಿರಲಿ.