ಜಾಗತಿಕ ಆರ್ಥಿಕ ಇತಿಹಾಸವೂ ರೇಷ್ಮೆಯ ಸೀಮೆಯೂ: ಒಂದು ವಿಮರ್ಶೆ

ಆರ್ಥಿಕ ಇತಿಹಾಸವನ್ನು ಒಂದೊಂದು ದೇಶದ ಎಲ್ಲೆಯೊಳಗೆ ನಿಲ್ಲಿಸದೆ, ಲೋಕವ್ಯಾಪಿಯಾದ ಸಂಬಂಧಗಳ ಚರಿತ್ರೆಯಾಗಿ ಅಭ್ಯಸಿಸುವ ಪದ್ಧತಿ ವಿಶ್ವವಿದ್ಯಾನಿಲಯಗಳಲ್ಲಿ ಈಚೆಗೆ ಬಲಗೊಂಡಿದೆ. 2000ದಲ್ಲಿ ಪ್ರಕಟವಾದ ಕೆನೆತ್ ಪಾಮರಾನ್ಸ್ ಅವರ ‘ದ ಗ್ರೇಟ್ ಡೈವರ್ಜೆನ್ಸ್’ ಗ್ರಂಥವು ಇದಕ್ಕೆ ಬಹುಮಟ್ಟಿಗೆ ಪ್ರೇರಕವಾಯಿತು. ಇಂಗ್ಲೆಂಡನ್ನು ಚೀನದ ಯಾಂಗ್‌ಟ್ಸೆ ನದಿಯ ಮುಖಜಭೂಮಿಯೊಡನೆ ತೂಗಿ ನೋಡಿ, ಯೂರೋಪಿನ ಏಳಿಗೆಗೆ ಅದರ ಪ್ರತಿಭೆಯೊಂದೇ ಕಾರಣವೆಂಬ ನಂಬಿಕೆಯನ್ನು ಅದು ಅಲುಗಿಸಿತು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಶಾಸ್ತ್ರವು ನಮ್ಮ ತರಗತಿಗಳಿಗೆ ಬಂದೊಡನೆ ಒಂದು ದೋಷ ತಲೆದೋರುತ್ತದೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪ್ರತಿ ವಾಕ್ಯದಲ್ಲಿಯೂ ಜಗತ್ತು ಕರ್ತೃ. ನಮ್ಮ ಊರು ಕರ್ಮ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಆರ್ಥಿಕ ಚರಿತ್ರೆಯನ್ನು ಈ ಅನ್ವಯದಲ್ಲಿ ಬರೆಯಲಾಗದು ಎಂಬುದೇ ನಮ್ಮ ಆಕ್ಷೇಪ.

ವಿದ್ಯಾರ್ಥಿಗಳು ಮೊದಲು ಕೈಗೆತ್ತಿಕೊಳ್ಳುವ ಆಧಾರ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಗ್ರಂಥ. ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದ್ರಾಸಿನಿಂದ ಹೊರಟ ಈತನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿ, ಅಲ್ಲಿನ ಗಾಜಿನ ಬಳೆ, ಬಿಳಿ ಸಕ್ಕರೆ, ಮಾಗಡಿಯ ಸುತ್ತಣ ಕಬ್ಬಿಣದ ಕುಲುಮೆ ಎಲ್ಲವೂ ಅದರಲ್ಲಿ ಉಂಟು. ಆತನು ಅಳೆಯುವಾಗ ನಂಬಿಕೆಗೆ ಅರ್ಹನು. ತೀರ್ಪು ಕೊಡುವಾಗ ಅಷ್ಟಿಲ್ಲ. ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆಯೆಂದು ಎಣಿಸುವವನ ಕಣ್ಣು ಅದು. ಇನ್ನು ಕೆಲವರು ಇದೇ ಪುಟಗಳನ್ನು ಹಿಡಿದು, ಚನ್ನಪಟ್ಟಣವು ಮತ್ತೊಂದು ಬರ್ಮಿಂಗ್‌ಹ್ಯಾಮ್ ಆಗುವುದರಲ್ಲಿತ್ತೆಂದು ಸಾಧಿಸಹೊರಡುತ್ತಾರೆ. ಒಂದು ತಂತಿಯ ಮೇಲೆ ಅಷ್ಟು ಭಾರ ಹೇರುವುದು ಉಚಿತವಲ್ಲ.

ರೇಷ್ಮೆಯ ವಿಚಾರ ಹೆಚ್ಚು ಫಲವತ್ತಾದದ್ದು. ಟೀಪು ಸುಲ್ತಾನನು ಬಂಗಾಳದಿಂದ ಹುಳು ತರಿಸಲು ಆಸಕ್ತಿ ವಹಿಸಿದ್ದು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಪತ್ರಗಳಿಂದ ತಿಳಿಯುತ್ತದೆ. ಮುಂದೆ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ನಮ್ಮ ರೈತರು ಗಂಟುರೋಗವೆನ್ನುವ ಪೆಬ್ರೀನ್ ವ್ಯಾಧಿಯು ಫ್ರಾನ್ಸ್, ಇಟಲಿಗಳ ರೇಷ್ಮೆಯನ್ನು ಹಾಳುಗೆಡವಿತು. ಪಾಸ್ಟರನು 1865ರಿಂದ ಅದರ ಪರಿಶೋಧನೆಯಲ್ಲಿ ತೊಡಗಿದನು. ಅದೇ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಜಪಾನಿನ ಮೊಟ್ಟೆಗಳನ್ನು ಮೈಸೂರು ಸೀಮೆಗೆ ತರಿಸಿ, ರಾಮನಗರದ ದಾರಿಯಲ್ಲೇ ಇರುವ ಕೆಂಗೇರಿಯಲ್ಲಿ ಉಗಿಯಂತ್ರದಿಂದ ನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಪಠ್ಯಗ್ರಂಥದ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ: ಯೂರೋಪಿನ ರೋಗ, ಜಪಾನಿನ ಮೊಟ್ಟೆ, ಇಟಲಿಯ ಸಾಹಸ, ನಮ್ಮದು ಬರಿಯ ನೆಲ.

ಆದರೆ ಮುಂದೇನಾಯಿತು? ಬೆಚ್ಚನೆಯ ಹವೆಯಲ್ಲಿ ವರ್ಷಕ್ಕೆ ಹಲವು ಬೆಳೆ ಕೊಡುವ ಮೈಸೂರು ತಳಿಯನ್ನು ರೈತನು ಕೈಬಿಡಲಿಲ್ಲ. ಹೊರಗಿನ ತಳಿಯ ಎಳೆ ಉದ್ದ, ನೂಲು ಮೇಲು. ಇಲ್ಲಿ ಅದು ಬಾಳುವುದು ಕಷ್ಟ. 1920ರ ದಶಕದಿಂದ ಬಳಕೆಗೆ ಬಂದ ಮಿಶ್ರತಳಿಯಲ್ಲಿ ಹೆಣ್ಣು ಮೈಸೂರಿನದು, ಗಂಡು ಪರದೇಶದ್ದು. ಶುದ್ಧ ದ್ವಿತಳಿ ಈಚೆಗೆ ಹೆಚ್ಚುತ್ತಿದ್ದರೂ ಮಿಶ್ರತಳಿಗೆ ಇಂದಿಗೂ ಮೈಸೂರು ತಳಿಯೇ ತಾಯಿ. ಅದರ ಬಿತ್ತನೆ ಗೂಡನ್ನು ಬೆಳೆಯುವ ವಲಯ ಮಾಗಡಿ, ಕುಣಿಗಲ್‌ಗಳ ಕಡೆಯದು. ಮಾಗಡಿ ಬಿತ್ತನೆ ಕಾಪಾಡಬೇಕು, ಕನಕಪುರ ಚನ್ನಪಟ್ಟಣಗಳ ಹಳ್ಳಿಗಳು ಹಿಪ್ಪುನೇರಳೆ ಬೆಳೆದು ಹುಳು ಮೇಯಿಸಬೇಕು, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗಬೇಕು. ಈ ಶ್ರಮವಿಭಾಗ ಯಾವ ಪರದೇಶದ ತಜ್ಞನ ಕಡತದಿಂದಲೂ ಸಿದ್ಧವಾಗಿ ಇಳಿದುಬಂದದ್ದಲ್ಲ. ಬಂದದ್ದರಲ್ಲಿ ಎಷ್ಟನ್ನು ತೆಗೆದುಕೊಳ್ಳಬೇಕು, ಎಷ್ಟನ್ನು ಬಿಡಬೇಕೆಂಬ ನಿರ್ಣಯ ಹುಳುಮನೆಯಲ್ಲಿಯೂ ಆಯಿತು.

ಇದಕ್ಕೆ ಪ್ರತಿಯಾಗಿ 2011ನ್ನು ತೋರಿಸಬಹುದು. ಆ ವರ್ಷ ಕೇಂದ್ರದ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು. ರಾಮನಗರದಲ್ಲಿ ರೈತರು ಬೀದಿಗಿಳಿದರು. ಇಲ್ಲಿ ಊರು ಕರ್ಮವೇ ಅಲ್ಲವೆ? ಹೌದು, ಒಪ್ಪಬೇಕಾದ ಮಾತು. ಆದರೆ ಕರ್ತೃ ಯಾರು? ‘ಜಾಗತಿಕ ಮಾರುಕಟ್ಟೆ’ ಎಂದು ಉತ್ತರಿಸುವ ವಿದ್ಯಾರ್ಥಿಗೆ ಪೂರ್ಣಾಂಕ ಸಲ್ಲಬಾರದು. ಅಗ್ಗದ ಚೀನಾ ನೂಲು ಬೇಕೆಂದ ನೇಕಾರನೂ ಈ ದೇಶದವನೇ. ಸುಂಕವನ್ನು ಇಳಿಸಿದ್ದೂ, 2013ರಲ್ಲಿ ಶೇಕಡ 15ಕ್ಕೆ ಏರಿಸಿದ್ದೂ ದಿಲ್ಲಿ. ಜಪಾನ್, ಚೀನಗಳ ಪೈಪೋಟಿಯನ್ನು ಸುಂಕ ಮಂಡಲಿಯು 1933ರಲ್ಲಿ ವಿಚಾರಣೆ ಮಾಡಿ, 1934ರಲ್ಲಿ ರಕ್ಷಣಾ ಸುಂಕ ಬಂದಾಗಲೂ ವಾದವಿದ್ದದ್ದು ಇದೇ ಎರಡು ಹಿತಗಳ ನಡುವೆ. ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿಸುವ ಪತ್ರಿಕೆಯೊಂದು ಸ್ನಾತಕೋತ್ತರ ತರಗತಿಗೆ ಅವಶ್ಯಕ.

ಅದನ್ನು ಬರೆಯಬಲ್ಲ ಸಂಶೋಧಕನಿಗೆ ಇಂಗ್ಲಿಷ್ ಒಂದೇ ಸಾಲದು. ನೂಲು ಬಿಚ್ಚಾಣಿಕೆದಾರರಲ್ಲಿ ಅನೇಕರ ಮನೆಮಾತು ಉರ್ದು. ಹುಳು ಸಾಕುವವರದು ಕನ್ನಡ. ಪಾಮರಾನ್ಸ್ ಅವರನ್ನು ಓದಿದವನು ಒಂದು ಮುಂಜಾನೆ ಗೂಡಿನ ಹರಾಜಿನ ಹೊತ್ತಿಗೆ ರಾಮನಗರದಲ್ಲಿ ಇಳಿದು, ಅಲ್ಲಿ ಚೀನದ ಹೆಸರನ್ನು ಯಾರು, ಯಾವ ಕಾರಣಕ್ಕೆ ಎತ್ತುತ್ತಾರೆಂಬುದನ್ನು ಗುರುತುಮಾಡಿಕೊಂಡು ಗ್ರಂಥಾಲಯಕ್ಕೆ ಮರಳಲಿ.